ಕೀಲೆಣ್ಣೆಯಿಂದ ಬೇರಿಂಗ್‌ವರೆಗೆ: ಎತ್ತಿನ ಹೆಗಲಿನ ಲೆಕ್ಕ

ಇವತ್ತಿನ ಎಪಿಸೋಡ್ ಬೇರಿಂಗ್ ಬಗ್ಗೆ. ಸ್ಕಿಪ್ ಮಾಡ್ಬೇಡಿ, ಇದು ಎತ್ತಿನ ಕಥೆ ಕೂಡ.

ಹುಣಸೂರು, ಪಿರಿಯಾಪಟ್ಟಣದ ಕಡೆಯವರಾದರೆ ಮನೇಲಿ ತಾತನನ್ನು ಕೇಳಿ, ಕೀಲೆಣ್ಣೆ ಅಂದ್ರೆ ಏನು ಅಂತ. ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿ ಮಾಡ್ತಿದ್ದ ಗ್ರೀಸ್ ಅದು. ಗಾಡಿಯ ಕೆಳಗೆ ಬಿದಿರಿನ ಗೊಟ್ಟದಲ್ಲಿ ನೇತಾಡ್ತಿತ್ತು. ಚಕ್ರದ ಗುಂಬದೊಳಗೆ ಕಬ್ಬಿಣದ ಬುಷ್, ಅದರೊಳಗೆ ಅಚ್ಚು. ಆ ಬುಷ್ಷೂ ಒಂದು ಬೇರಿಂಗೇ. ಆದರೆ ಅಲ್ಲಿ ಲೋಹದ ಮೇಲೆ ಲೋಹ ಜಾರುತ್ತೆ, ಉರುಳಲ್ಲ. ಕೀಲೆಣ್ಣೆ ಒಣಗಿದರೆ ಗಾಡಿ ಕಿರುಗುಟ್ಟುತ್ತೆ, ಎತ್ತು ಏದುಸಿರು ಬಿಡುತ್ತೆ.

ನಾನು ಬಿ.ಕಾಂ. ಓದಿದವನು, ನನಗೆ ಇದು ಹೀಗೆ ಕಾಣುತ್ತೆ: ಘರ್ಷಣೆ ಅನ್ನೋದು ಯಾವ ಲೆಕ್ಕದ ಪುಸ್ತಕದಲ್ಲೂ ಬರೆಯದ ಖರ್ಚು. ಅದನ್ನು ಕಟ್ಟುತ್ತಿದ್ದದ್ದು ಎತ್ತು.

ಜಾರಿಸೋ ಬದಲು ಉರುಳಿಸಿದರೆ? 1794ರಲ್ಲಿ ವೇಲ್ಸ್‌ನ ಫಿಲಿಪ್ ವಾನ್, ಕುದುರೆಗಾಡಿಯ ಅಚ್ಚಿಗೆ ಗುಂಡುಗಳನ್ನು ಕೂರಿಸಿ ಪೇಟೆಂಟ್ ಪಡೆದರು. 1907ರಲ್ಲಿ ಸ್ವೀಡನ್ನಿನ ಬಟ್ಟೆ ಗಿರಣಿಯೊಂದರ ಎಂಜಿನಿಯರ್ ಸ್ವೆನ್ ವಿಂಗ್‌ಕ್ವಿಸ್ಟ್, ಶಾಫ್ಟ್ ಸ್ವಲ್ಪ ಓರೆಯಾದರೂ ತಾನೇ ಹೊಂದಿಕೊಳ್ಳೋ ಬಾಲ್ ಬೇರಿಂಗ್ ಮಾಡಿದರು. ಎಸ್‌ಕೆಎಫ್ ಕಂಪನಿ ಹುಟ್ಟಿದ್ದೂ ಅದೇ ವರ್ಷ.

ಆದರೆ ನಮ್ಮ ಎತ್ತಿನಗಾಡಿ ಬಹುಕಾಲ ಹಾಗೇ ಉಳೀತು. ಬೆಂಗಳೂರಿನ ಐಐಎಂ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ ಅದರ ಸುಧಾರಣೆಗೆ ವರ್ಷಗಟ್ಟಲೆ ದುಡಿದರು. ಒಳ್ಳೇ ಬೇರಿಂಗ್, ಗಾಳಿ ತುಂಬಿದ ಟೈರ್, ಹೆಗಲು ಹುಣ್ಣಾಗದ ನೊಗ. ಇಷ್ಟು ಕೊಟ್ಟರೆ ಎತ್ತಿಗೆ ಸಂಕಟ ಕಮ್ಮಿ, ರೈತನಿಗೆ ಲಾಭ ಜಾಸ್ತಿ ಅನ್ನೋದು ಅವರ ವಾದ.

ಈಗ ನಮ್ಮ ನಾಲ್ಕು ತಾಲ್ಲೂಕಿನಲ್ಲಿ ನೋಡಿ. ಕೆ.ಆರ್. ನಗರದ ಅಕ್ಕಿ ಗಿರಣಿಯಲ್ಲಿ ತಿರುಗೋ ಪ್ರತಿ ಶಾಫ್ಟಿಗೂ ಬೇರಿಂಗ್ ಬೇಕು. ಎಚ್.ಡಿ. ಕೋಟೆಯಲ್ಲಿ ಹತ್ತಿ ತುಂಬಿದ ಟ್ರೈಲರ್ ತಿರುವಿನಲ್ಲಿ ವಾಲಿದಾಗ, ಮೇಲಿನ ಭಾರ, ಪಕ್ಕದ ಒತ್ತಡ ಎರಡನ್ನೂ ತಡೆಯೋದು ಚಕ್ರದೊಳಗಿನ ಟೇಪರ್ ರೋಲರ್ ಬೇರಿಂಗ್. ಬೋರ್‌ವೆಲ್ ಆಳದಲ್ಲಿ, ಸಬ್‌ಮರ್ಸಿಬಲ್ ಮೋಟಾರಿನ ತಳದಲ್ಲಿ ಥ್ರಸ್ಟ್ ಬೇರಿಂಗ್ ಕೂತಿರುತ್ತೆ. ನೀರು ಮೇಲೆ ಹೋಗೋವಾಗ ಕೆಳಕ್ಕೆ ಬೀಳೋ ಒತ್ತಡವನ್ನೆಲ್ಲ ಅದೇ ಹೊರುತ್ತೆ. ನೀರು ತುಂಬಿದ ಮೋಟಾರಿನಲ್ಲಿ ಆ ನೀರೇ ಅದಕ್ಕೆ ಕೀಲೆಣ್ಣೆ!

ಬೇರಿಂಗ್ ಹೋಗೋ ಮುಂಚೆ ಸದ್ದು ಮಾಡುತ್ತೆ. ಮೆಕ್ಯಾನಿಕ್ ಸ್ಕ್ರೂಡ್ರೈವರ್ ತುದಿಯನ್ನು ಮೋಟಾರಿಗೆ ಒತ್ತಿ, ಹಿಡಿಗೆ ಕಿವಿ ಕೊಟ್ಟು ಅದನ್ನೇ ಕೇಳೋದು. ತಾತ ಗಾಡಿಯ ಕಿರುಗುಟ್ಟಿಗೆ ಕಿವಿ ಕೊಡ್ತಿದ್ದದ್ದೂ ಇದಕ್ಕೇ. ಆದರೆ ಅವತ್ತು ಸದ್ದು ಕೇಳಿಸಿಕೊಳ್ಳದಿದ್ದರೆ ಸವೆಯುತ್ತಿದ್ದದ್ದು ಬುಷ್ ಒಂದೇ ಅಲ್ಲ, ಎತ್ತಿನ ಹೆಗಲೂ.

ನಿಮ್ಮ ತಾತ ಹೇಳಿದ ಗಾಡಿ ಕಥೆ ರೆಕಾರ್ಡ್ ಮಾಡಿ ಕಳ್ಸಿ. ಮುಂದಿನ ವಾರ ಸಿಗೋಣ.