ಲಾರಿ ನಿನ್ನದು, ಯೂನಿಫಾರ್ಮು ನಮ್ಮದು

ನನ್ನ ಮೊದಲ ಕೆಲಸದ ಆಫರ್ ಲೆಟರಿನಲ್ಲಿ ‘ಕನ್ಸಲ್ಟೆಂಟ್’ ಅಂತಿತ್ತು. ಆಗಷ್ಟೇ ಇಂಜಿನಿಯರಿಂಗ್ ಮುಗಿಸಿದ್ದವನಿಗೆ ಅದೊಂದು ಬಿರುದಿನ ಹಾಗೆ ಕಂಡು ಅಮ್ಮನಿಗೆ ಫೋನ್ ಮಾಡಿ ಹೇಳಿದ್ದೆ :) ಪಿಎಫ್ ಇಲ್ಲ, ಸಂಬಳದಲ್ಲಿ ಹತ್ತು ಪರ್ಸೆಂಟ್ ಟಿಡಿಎಸ್ ಹಿಡೀತಾರೆ, ಫಾರ್ಮ್ 16ರ ಬದಲು 16ಎ ಬರುತ್ತೆ ಅನ್ನೋದೆಲ್ಲ ಗೊತ್ತಾಗಿದ್ದು ಆಮೇಲೆ. ಒಂಬತ್ತೂವರೆಗೆ ಕಾರ್ಡ್ ಸ್ವೈಪ್ ಮಾಡಬೇಕು, ರಜೆಗೆ ಮ್ಯಾನೇಜರ್ ಹೂಂ ಅನ್ನಬೇಕು, ಲ್ಯಾಪ್‌ಟಾಪೂ ಅವರದ್ದೇ. ಆದರೆ ಕಾಗದದ ಮೇಲೆ ನಾನು ಸ್ವತಂತ್ರ!

ಈ ಆಟ ನಮ್ಮ ಐಟಿಯವರು ಕಂಡುಹಿಡಿದಿದ್ದೇನಲ್ಲ. ಕೆದಕುತ್ತಾ ಹೋದಾಗ ಸಿಕ್ಕಿದ್ದು 1960-70ರ ದಶಕಗಳ ಬ್ರಿಟನ್ನಿನ ಕಟ್ಟಡ ಕೆಲಸಗಾರರ ಕಥೆ.

ಆಗ ಅಲ್ಲಿ ಪ್ರತಿ ನೌಕರನಿಗೂ ಒಂದು ನ್ಯಾಷನಲ್ ಇನ್ಶೂರೆನ್ಸ್ ಕಾರ್ಡ್. ವಾರವಾರ ಮಾಲೀಕ ಅದಕ್ಕೆ ಸ್ಟ್ಯಾಂಪ್ ಅಂಟಿಸಬೇಕು. ಕೆಲಸ ಹೋದರೆ ಭತ್ಯೆ, ಕೆಲಸದಲ್ಲಿ ಪೆಟ್ಟಾದರೆ ಪರಿಹಾರ, ಎಲ್ಲಕ್ಕೂ ಆ ಸ್ಟ್ಯಾಂಪೇ ಆಧಾರ. ಕಾರ್ಡೂ ಬೇಡ, ಸ್ಟ್ಯಾಂಪೂ ಬೇಡ, ಇಷ್ಟು ಕೆಲಸಕ್ಕೆ ಇಷ್ಟು ದುಡ್ಡು ಅಂತ ಇಡಿಯಾಗಿ ಕೈಗೆ ಕೊಟ್ಟು ಮುಗಿಸುವ ಪದ್ಧತಿಗೆ ‘ಲಂಪ್’ ಅನ್ನೋ ಹೆಸರು ಬಿತ್ತು. ಕೂಲಿಯವನಿಗೆ ಕೈಗೆ ಸಿಗೋ ದುಡ್ಡು ಜಾಸ್ತಿ, ತೆರಿಗೆ ಕಟ್ಟದೆ ತಪ್ಪಿಸಿಕೊಂಡವರೂ ಬೇಕಾದಷ್ಟು. ಮಾಲೀಕನಿಗಂತೂ ಲಾಭವೇ ಲಾಭ. 1966ರಲ್ಲಿ ಸರ್ಕಾರ ಒಂದು ಹೊಸ ತೆರಿಗೆ ತಂದಿತು. ಒಬ್ಬ ಗಂಡು ನೌಕರನಿಗೆ ವಾರಕ್ಕೆ 25 ಶಿಲ್ಲಿಂಗ್ ಮಾಲೀಕ ಕಟ್ಟಬೇಕು. ಕಾರ್ಖಾನೆಯವರಿಗೆ ಅದು ವಾಪಸ್ ಬರುತ್ತಿತ್ತು, ಕಟ್ಟಡದವರಿಗೆ ಇಲ್ಲ. ಇನ್ನೇನು ಬೇಕು? ನಿನ್ನೆಯ ನೌಕರ ಇವತ್ತು ಗುತ್ತಿಗೆದಾರ!

ಅಂದ ಹಾಗೆ, ಇದೇ ಕಾಲದ ಒಂದು ಕೇಸು ಓದಿ ನನಗೆ ನಗು ತಡೆಯಲಾಗಲಿಲ್ಲ. ರೆಡಿ ಮಿಕ್ಸ್ಡ್ ಕಾಂಕ್ರೀಟ್ ಕಂಪನಿಗೂ ಪಿಂಚಣಿ ಮಂತ್ರಿಗೂ ನಡೆದಿದ್ದು, 1968ರ ಲಾ ರಿಪೋರ್ಟಿನಲ್ಲಿದೆ. ಕಾಂಕ್ರೀಟು ಸಾಗಿಸುವ ಡ್ರೈವರ್ ಕಂತಿನ ಮೇಲೆ ತಾನೇ ಲಾರಿ ಕೊಳ್ಳಬೇಕು, ರಿಪೇರಿ ಖರ್ಚೂ ಅವನದೇ. ಆದರೆ ಲಾರಿಗೆ ಬಳಿಯಬೇಕಾದ್ದು ಕಂಪನಿಯ ಬಣ್ಣ, ತೊಡಬೇಕಾದ್ದು ಕಂಪನಿಯ ಯೂನಿಫಾರ್ಮು. ಬೇರೆಯವರ ಲೋಡು ಹೊರುವ ಹಾಗಿಲ್ಲ. ಜಡ್ಜ್ ಮೆಕ್ಕೆನ್ನಾ ಎಲ್ಲ ಅಳೆದು ತೂಗಿ, ಈತ ನೌಕರನಲ್ಲ, ಸ್ವಂತ ವ್ಯಾಪಾರ ಮಾಡುವವನು ಅಂದರು. ಲಾರಿ ಅವನದು, ಬೇಕಾದರೆ ಬದಲಿ ಡ್ರೈವರನ್ನೂ ಇಟ್ಟುಕೊಳ್ಳಬಹುದು ಅನ್ನೋದೆಲ್ಲ ಲೆಕ್ಕಕ್ಕೆ ಬಂತು. ಅವರ ತರ್ಕ ನನಗೆ ಅರ್ಥವಾಗುತ್ತೆ, ಒಪ್ಪೋಕೆ ಮಾತ್ರ ಆಗ್ತಿಲ್ಲ. ಆ ಬಣ್ಣದ ಲಾರಿ ಇಟ್ಟುಕೊಂಡು ಆತ ಯಾವ ವ್ಯಾಪಾರ ಮಾಡಿಯಾನು ನೀವೇ ಹೇಳಿ.

1972ರ ಬೇಸಿಗೆಯಲ್ಲಿ ಕಟ್ಟಡ ಕೆಲಸಗಾರರು ದೇಶದಾದ್ಯಂತ ಮುಷ್ಕರ ಹೂಡಿದರು. ವಾರಕ್ಕೆ 35 ಗಂಟೆ ಕೆಲಸ, 30 ಪೌಂಡ್ ಕೂಲಿ, ಜೊತೆಗೆ ಲಂಪ್ ತೊಲಗಲಿ ಅನ್ನೋ ಬೇಡಿಕೆ. ಸುಮಾರು ಮೂರು ತಿಂಗಳು ನಡೆದು ಕೂಲಿ ಏರಿತು, ಲಂಪ್ ಹಾಗೇ ಉಳಿಯಿತು. ಮುಷ್ಕರದ ಸಮಯದಲ್ಲಿ ಶ್ರೂಸ್‌ಬರಿಯ ಸೈಟುಗಳಿಗೆ ಹೋಗಿ ಕೆಲಸ ನಿಲ್ಲಿಸಿ ಅಂದವರಲ್ಲಿ 24 ಜನರ ಮೇಲೆ ಮರುವರ್ಷ ಕೇಸು ಬಿತ್ತು. ಡೆಸ್ ವಾರೆನ್‌ಗೆ ಮೂರು ವರ್ಷ, ರಿಕಿ ಟಾಮ್ಲಿನ್‌ಸನ್‌ಗೆ ಎರಡು ವರ್ಷ ಜೈಲು ಶಿಕ್ಷೆ. (ಈ ಟಾಮ್ಲಿನ್‌ಸನ್ ಆಮೇಲೆ ಟಿವಿಯಲ್ಲಿ ಹೆಸರಾಂತ ನಟ ಆದರು!) ಸಾಕ್ಷಿಗಳ ಮೂಲ ಹೇಳಿಕೆಗಳನ್ನು ಪೊಲೀಸರು ನಾಶ ಮಾಡಿದ್ದರು ಅನ್ನೋ ಕಾರಣಕ್ಕೆ 2021ರಲ್ಲಿ ಆ ಶಿಕ್ಷೆಗಳು ರದ್ದಾದವು. ವಾರೆನ್ 2004ರಲ್ಲೇ ತೀರಿಕೊಂಡಿದ್ದರು.

ಆದರೆ ನನ್ನ ತಲೆಯಲ್ಲಿ ಕೂತುಬಿಟ್ಟಿರೋದು ಇನ್ನೊಬ್ಬ ಕೂಲಿಯವನು. ಕೆಲಸ ಕೇಳಿಕೊಂಡು ಒಂದು ಸೈಟಿಗೆ ಬಂದ. ಇಲ್ಲಿ ಕಾರ್ಡು ಗೀರ್ಡು ಇಲ್ಲ, ಎಲ್ಲ ಲಂಪ್ ಲೆಕ್ಕ ಅಂದರು. ಅವನೂ ಹೂಂ ಅಂದ, ಹೆಸರೂ ಸುಳ್ಳು ಕೊಟ್ಟ. ಒಂದು ದಿನ ತಾರಸಿಯ ಮೇಲಿಂದ ಹಲಗೆಗಳನ್ನು ಕೆಳಗೆ ಎಸೀತಾ ಇದ್ದವನು ತಾನೇ ಬಿದ್ದ. ಅಂಚಿಗೆ ತಡೆಕಂಬಿ ಇರಲಿಲ್ಲ. ನೌಕರನಾಗಿದ್ದರೆ ತಡೆಕಂಬಿ ಹಾಕಿಸೋದು ಕಂಪನಿಯ ಹೊಣೆ. ಇವನು ನೌಕರನಲ್ಲವಲ್ಲ, ನಮಗೇನು ಸಂಬಂಧ ಅಂತ ಕಂಪನಿ ವಾದಿಸಿತು.

1976ರಲ್ಲಿ ಅಪೀಲು ಕೋರ್ಟಿನ ಮೂವರಲ್ಲಿ ಇಬ್ಬರು ಜಡ್ಜ್‌ಗಳು ಅವನ ಪರ ನಿಂತರು. ಎಲ್ಲಿ ಹೋಗು, ಏನು ಮಾಡು, ಯಾವ ಸಲಕರಣೆ ಹಿಡಿ ಎಂದೆಲ್ಲ ಹೇಳುತ್ತಿದ್ದವರು ಅವರು, ಗಂಟೆಗಿಷ್ಟು ಅಂತ ಕೊಡುತ್ತಿದ್ದವರೂ ಅವರೇ. ಅಂದಮೇಲೆ ಬಾಯಲ್ಲಿ ಲಂಪ್ ಅಂದ ಮಾತ್ರಕ್ಕೆ ಅವನು ಗುತ್ತಿಗೆದಾರ ಆಗಲ್ಲ ಅಂದರು. ಮೂರನೆಯವರಾದ ಲಾಟನ್ ಒಪ್ಪಲಿಲ್ಲ. ಲಂಪ್‌ನ ಲಾಭ ಉಂಡವನು ಬಿದ್ದ ಮೇಲೆ ನಾನು ನೌಕರ ಅನ್ನೋದು ಸರಿಯಲ್ಲ ಅನ್ನೋದು ಅವರ ವಾದ.

ಮೊದಲ ಸಲ ಓದಿದಾಗ ಲಾಟನ್ ಮೇಲೆ ಸಿಟ್ಟು ಬಂದಿತ್ತು. ಆಮೇಲೆ ನೆನಪಾಯಿತು, ಹಿಡಿದಿದ್ದ ಆ ಹತ್ತು ಪರ್ಸೆಂಟ್ ರಿಫಂಡ್ ಆಗಿ ಅಕೌಂಟಿಗೆ ಬಿದ್ದ ದಿನ ಟೀಮಿನವರಿಗೆಲ್ಲ ಮಸಾಲೆದೋಸೆ ಕೊಡಿಸಿದ್ದು ನಾನೇ.