ಸವೆಯಲೆಂದೇ ಹುಟ್ಟಿದ ತಟ್ಟೆ

ಸೈಕಲ್ಲಿನ ಡಿಸ್ಕ್ ಬ್ರೇಕನ್ನು ನೀವೆಲ್ಲ ನೋಡಿಯೇ ಇರ್ತೀರಿ. ಗಾಲಿಯ ನಡುವೆ, ಹಬ್ಬಿನ ಪಕ್ಕದಲ್ಲಿ, ಊಟದ ತಟ್ಟೆಗಿಂತ ಚಿಕ್ಕದಾದ, ಮೈತುಂಬ ತೂತಿರುವ ಒಂದು ಸ್ಟೀಲ್ ಬಿಲ್ಲೆ. ಇದಕ್ಕೆ ರೋಟರ್ ಅಂತ ಹೆಸರು. ಮುಂದಿನ ಸಲ ಅಂಥ ಸೈಕಲ್ ಕಂಡರೆ ಸ್ವಲ್ಪ ಬಗ್ಗಿ ನೋಡಿ. ಶಿಮಾನೊ ಕಂಪನಿಯದ್ದಾದರೆ ರೋಟರಿನ ಮೇಲೆ ತೀರ ಸಣ್ಣ ಅಕ್ಷರಗಳಲ್ಲಿ ಕನಿಷ್ಠ ದಪ್ಪ 1.5 ಅಂತ ಇಂಗ್ಲಿಷಿನಲ್ಲಿ ಕೊರೆದಿರುತ್ತಾರೆ. ಹೊಸದಾಗಿ ಬಂದಾಗ ಅದರ ದಪ್ಪ 1.8 ಮಿಲಿಮೀಟರ್. ಸವೆದು 1.5ಕ್ಕೆ ಇಳಿಯಿತು ಅಂದರೆ ಅದರ ಆಯಸ್ಸು ಮುಗಿಯಿತು, ಬಿಚ್ಚಿ ಬಿಸಾಕಬೇಕು. ಹಣೆಬರಹ ಅಂತೀವಲ್ಲ, ಅದನ್ನು ನಿಜಕ್ಕೂ ಮೈಮೇಲೆ ಬರೆಸಿಕೊಂಡು ಹುಟ್ಟುವ ವಸ್ತು ಇದು!

ಆ ಲೆಕ್ಕ ನೋಡಿ. ಒಟ್ಟು 0.3 ಮಿಲಿಮೀಟರ್, ಅಂದರೆ ಒಂದೊಂದು ಬದಿಗೆ 0.15. ಸುಮಾರು ಎರಡು ಕೂದಲೆಳೆಯ ದಪ್ಪ. ಇಷ್ಟು ಲೋಹ ಸವೆಯುವುದರೊಳಗೆ ಆ ತಟ್ಟೆ ಸಾವಿರಾರು ಸಲ ಒಬ್ಬ ಮನುಷ್ಯನನ್ನು ಇಳಿಜಾರಿನಲ್ಲಿ ತಡೆದು ನಿಲ್ಲಿಸಿರುತ್ತದೆ.

ಬ್ರೇಕ್ ಅನ್ನುವುದೇ ಹಾಗೆ. ಉಜ್ಜದೆ ನಿಲ್ಲುವುದಿಲ್ಲ, ಉಜ್ಜಿದರೆ ಸವೆಯದೆ ಇರುವುದಿಲ್ಲ. ಹಾಗಾಗಿ ಬ್ರೇಕಿನ ಚರಿತ್ರೆಯಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಒಂದೇ: ಸವೆಯಬೇಕಾದ್ದು ಯಾವುದು?

ಮೊಟ್ಟಮೊದಲು ಸವೆದದ್ದು ಟೈರು. ಹಳೆಯ ಸೈಕಲ್ಲುಗಳಲ್ಲಿ ಹ್ಯಾಂಡಲಿನಿಂದ ಒಂದು ಸಲಾಕೆ ಇಳಿದು, ಅದರ ತುದಿಯಲ್ಲಿದ್ದ ಚಮಚದಂಥ ಲೋಹದ ತುಂಡು ನೇರವಾಗಿ ಟೈರನ್ನೇ ಒತ್ತುತ್ತಿತ್ತು. ಗಟ್ಟಿ ರಬ್ಬರಿನ ಟೈರಿದ್ದಾಗ ಹೇಗೋ ನಡೆಯಿತು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರು ತಂದ ಮೇಲೆ, ದುಡ್ಡು ಕೊಟ್ಟು ತಂದ ಟೈರನ್ನು ಬ್ರೇಕಿನಿಂದ ಕೆರೆದು ಹಾಕುವುದು ಯಾರಿಗೆ ಬೇಕಿತ್ತು? ಬ್ರೇಕು ಟೈರನ್ನು ಬಿಟ್ಟು ರಿಮ್ಮಿಗೆ ಬಂತು. ನಮ್ಮ ಊರುಗಳಲ್ಲಿ ಹಾಲಿನ ಕ್ಯಾನು ಹೊತ್ತು ಓಡಾಡಿದ ಕರಿ ಸೈಕಲ್ಲುಗಳಲ್ಲಿ ಇದ್ದದ್ದೂ ಇದೇ, ಸಲಾಕೆಗಳು ರಬ್ಬರ್ ತುಂಡನ್ನು ರಿಮ್ಮಿನ ಒಳಮೈಗೆ ಎಳೆದು ಒತ್ತುವ ಬ್ರೇಕು. ಮಳೆಗಾಲದಲ್ಲಿ ಅದನ್ನು ನಂಬಿಕೊಂಡು ಇಳಿಜಾರು ಇಳಿದವರಿಗೆ ಗೊತ್ತು, ಒದ್ದೆ ರಿಮ್ಮು ಮೊದಲ ಒಂದೆರಡು ಸುತ್ತು ಮಾತೇ ಕೇಳುವುದಿಲ್ಲ :)

ಒಂದು ಮಾತು ಮಾತ್ರ ಒಪ್ಪಬೇಕು. ರಿಮ್ಮು ಕೂಡ ಒಂದು ಡಿಸ್ಕೇ. ಅದೂ ಬಹಳ ದೊಡ್ಡ ಡಿಸ್ಕು. ಅಂಚಿನಲ್ಲಿ ಹಿಡಿಯುವುದರಿಂದ ಕಡಿಮೆ ಬಲ ಸಾಕು, ಮೈ ದೊಡ್ಡದಾದ್ದರಿಂದ ಬೇಗ ತಣಿಯುತ್ತದೆ, ಗಾಲಿಗೆ ಹೇಗೂ ಬೇಕಾದ ರಿಮ್ಮೇ ಬ್ರೇಕಿಗೂ ಒದಗುತ್ತದೆ. ಆದರೆ ಅದು ಇರುವುದು ನೆಲಕ್ಕೆ ಹತ್ತಿರ. ಕೆಸರು, ಮರಳು ಎಲ್ಲ ಅದಕ್ಕೇ ಮೆತ್ತುತ್ತದೆ. ಮರಳು ಮೆತ್ತಿದ ರಬ್ಬರು ಸಾಣೆಕಲ್ಲಿನ ಕೆಲಸ ಮಾಡುತ್ತದೆ. ಅಲ್ಯೂಮಿನಿಯಂ ರಿಮ್ಮಿನ ಗೋಡೆ ವರ್ಷಾನುಗಟ್ಟಲೆ ಹೀಗೆ ತೆಳುವಾಗುತ್ತಾ ಹೋಗಿ, ಒಂದು ದಿನ ಟೈರಿನ ಗಾಳಿಯ ಒತ್ತಡಕ್ಕೆ ಸಿಡಿದು ಬಿಡುವುದುಂಟು. ಸವೆಯಬಾರದ್ದು ಸವೆದರೆ ಆಗುವ ಕಥೆ ಇದು.

ಇನ್ನು ಡಿಸ್ಕಿನ ಕಥೆಗೆ ಬರೋಣ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಕಾರು ತಯಾರಿಸುತ್ತಿದ್ದ ಫ್ರೆಡರಿಕ್ ಲಾಂಚೆಸ್ಟರ್ 1902ರಲ್ಲಿ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದ. ಗಾಲಿಯ ಜೊತೆ ತಿರುಗುವ ತಟ್ಟೆಯನ್ನು ಎರಡೂ ಕಡೆಯಿಂದ ಚಿಮುಟದ ಹಾಗೆ ಹಿಡಿಯುವುದು ಅವನ ಉಪಾಯ. ಆದರೆ ಹಿಡಿಯುವ ಪ್ಯಾಡಿಗೆ ಅವನು ಬಳಸಿದ್ದು ತಾಮ್ರ. ಲೋಹಕ್ಕೆ ಲೋಹ ಉಜ್ಜಿ ಕಿವಿ ಹರಿಯುವಂಥ ಕಿರುಚಾಟ! ಮೇಲಾಗಿ ಆ ಕಾಲದ ಧೂಳಿನ ರಸ್ತೆಗಳಲ್ಲಿ ತಾಮ್ರ ಬೇಗ ಸವೆದು ಹೋಗುತ್ತಿತ್ತು.

ಕಿರುಚಾಟಕ್ಕೆ ಮದ್ದು ಕೊಟ್ಟವನು ಇನ್ನೊಬ್ಬ ಇಂಗ್ಲಿಷಿನವ, ಹರ್ಬರ್ಟ್ ಫ್ರೂಡ್. ಡರ್ಬಿಶೈರ್ ಗುಡ್ಡಗಾಡಿನಲ್ಲಿ 1897ರಿಂದಲೇ ಬ್ರೇಕಿನ ಕೆಲಸಕ್ಕೆ ಕೈಹಾಕಿದ್ದ ಆತ, 20ನೇ ಶತಮಾನದ ಮೊದಲ ದಶಕದಲ್ಲಿ ಪ್ಯಾಡಿಗೆ ಕಲ್ನಾರು ಬಳಸಿದ. ಬಿಸಿಗೆ ಕರಗದು, ಸುಡದು, ಕಿರುಚದು, ಬಹಳ ದಿನ ಬಾಳುತ್ತದೆ. ಫೆರೋಡೊ ಅನ್ನುವ ಹೆಸರು ಬ್ರೇಕ್ ಲೋಕದಲ್ಲಿ ಪ್ರಸಿದ್ಧವಾದದ್ದು ಹಾಗೆ.

ಆದರೆ ಸವೆದ ಕಲ್ನಾರು ಎಲ್ಲಿಗೆ ಹೋಗುತ್ತದೆ? ಅದನ್ನು ನೂಲುವವರ, ನೇಯುವವರ, ಬ್ರೇಕು ಬಿಚ್ಚಿ ಧೂಳು ಊದುವವರ ಎದೆಯೊಳಕ್ಕೆ. ರೋಚ್‌ಡೇಲ್ ಊರಿನ ಕಲ್ನಾರು ಕಾರ್ಖಾನೆಯಲ್ಲಿ ನೂಲುತ್ತಿದ್ದ ನೆಲ್ಲಿ ಕೆರ್ಶಾ ಎಂಬಾಕೆ 1924ರಲ್ಲಿ, 33ನೇ ವಯಸ್ಸಿಗೆ ತೀರಿಕೊಂಡಳು. ವಿಲಿಯಂ ಕುಕ್ ಎಂಬ ವೈದ್ಯ ಆಕೆಯ ಶ್ವಾಸಕೋಶದಲ್ಲಿ ಕಲ್ನಾರಿನ ಎಳೆಗಳನ್ನು ಕಂಡ. ಕಾರ್ಖಾನೆಯವರು ಪರಿಹಾರ ಕೊಡಲಿಲ್ಲ. ಬ್ರಿಟನ್ ಕಲ್ನಾರನ್ನು ಪೂರ್ತಿ ನಿಷೇಧಿಸಲು 1999ರವರೆಗೆ ಕಾಯಬೇಕಾಯಿತು. ಇಂದು ಹೆಸರಾಂತ ಕಂಪನಿಗಳ ಸೈಕಲ್ ಪ್ಯಾಡುಗಳಲ್ಲಿ ಕಲ್ನಾರು ಇಲ್ಲ. ಆದರೂ ಯಾವುದು ಸವೆಯಬೇಕು ಅನ್ನುವ ಪ್ರಶ್ನೆ ಬರೀ ಲೋಹದ ಪ್ರಶ್ನೆ ಅಲ್ಲ ಅನ್ನುವುದಕ್ಕೆ ಇದನ್ನು ಹೇಳಿದೆ.

ಮುಂದಿನದ್ದನ್ನು ಬೇಗ ದಾಟೋಣ. 1953ರಲ್ಲಿ ಫ್ರಾನ್ಸಿನ ಲ ಮಾನ್ 24 ಗಂಟೆಗಳ ಓಟವನ್ನು ಡನ್‌ಲಪ್ ಡಿಸ್ಕ್ ಬ್ರೇಕಿದ್ದ ಜಾಗ್ವಾರ್ ಗೆದ್ದಿತು. 1969ರಲ್ಲಿ ಹೋಂಡಾ ಸಿಬಿ750 ಮೋಟರ್ ಬೈಕಿನ ಮುಂಗಾಲಿಗೆ ಡಿಸ್ಕ್ ಬಂತು. 1970ರ ದಶಕದಲ್ಲಿ ಶಿಮಾನೊ, ಅಮೆರಿಕದ ಫಿಲ್ ವುಡ್ ಮೊದಲಾದವರು ಸೈಕಲ್ಲಿಗೂ ಡಿಸ್ಕ್ ಮಾಡಿ ನೋಡಿದರು. ನಡೆಯಲಿಲ್ಲ. ಭಾರ ಜಾಸ್ತಿ, ರಸ್ತೆ ಸೈಕಲ್ಲಿಗೆ ಅಷ್ಟು ಬ್ರೇಕಿನ ಅಗತ್ಯವೂ ಇರಲಿಲ್ಲ. ಅಗತ್ಯ ಹುಟ್ಟಿದ್ದು ಬೆಟ್ಟದಲ್ಲಿ.

ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1976ರ ಅಕ್ಟೋಬರಿನಲ್ಲಿ ಕೆಲವು ಹುಡುಗರು ಹಳೆಯ ದಪ್ಪ ಟೈರಿನ ಸೈಕಲ್ ಹಿಡಿದು ಮಣ್ಣುದಾರಿಯಲ್ಲಿ ಇಳಿಯುವ ಪಂದ್ಯ ಶುರು ಮಾಡಿದರು. ಸುಮಾರು ಎರಡು ಮೈಲಿ ದಾರಿ, ಇಳಿತ 1300 ಅಡಿ. ಅವರ ಸೈಕಲ್ಲುಗಳಲ್ಲಿದ್ದದ್ದು ಪೆಡಲನ್ನು ಹಿಂದಕ್ಕೆ ತುಳಿದರೆ ಹಬ್ಬಿನೊಳಗೇ ಹಿಡಿಯುವ ಬ್ರೇಕು. ಕೆಳಗೆ ಮುಟ್ಟುವಷ್ಟರಲ್ಲಿ ಹಬ್ಬಿನ ಗ್ರೀಸೆಲ್ಲ ಬೆಂದು ಹೊಗೆಯಾಗಿರುತ್ತಿತ್ತು. ಮತ್ತೆ ಬಿಚ್ಚಿ ಗ್ರೀಸು ತುಂಬಬೇಕು. ಹೀಗೆ ಮತ್ತೆ ತುಂಬುವುದಕ್ಕೆ ಇಂಗ್ಲಿಷಿನಲ್ಲಿ ರೀಪ್ಯಾಕ್ ಅಂತಾರಲ್ಲ, ಆ ಪಂದ್ಯದ ಹೆಸರೇ ರೀಪ್ಯಾಕ್ ಆಯಿತು!

ಎಷ್ಟು ಬಿಸಿ ಅಂತೀರಾ? ಸವಾರ, ಸೈಕಲ್ ಸೇರಿ 90 ಕಿಲೋ ಅಂತಿಟ್ಟುಕೊಳ್ಳಿ. 1300 ಅಡಿ ಅಂದರೆ ಸುಮಾರು 400 ಮೀಟರ್. ಅಷ್ಟು ಎತ್ತರದಿಂದ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 350 ಕಿಲೋಜೂಲ್. ಒಂದು ಲೀಟರ್ ತಣ್ಣೀರನ್ನು ಕುದಿ ಬರಿಸುವುದಕ್ಕೆ ಸಾಕು. ಒಂದಷ್ಟನ್ನು ಗಾಳಿ, ಉಬ್ಬು ತಗ್ಗು ತಿಂದುಹಾಕುತ್ತವೆ. ಉಳಿದದ್ದೆಲ್ಲ ಬ್ರೇಕಿನ ಪಾಲು.

ಈ ಬೆಟ್ಟದ ಸೈಕಲ್ಲೇ ಮುಂದೆ ಮೌಂಟನ್ ಬೈಕ್ ಆಯಿತು. 1991ರಲ್ಲಿ ಮೌಂಟನ್ ಸೈಕಲ್ ಕಂಪನಿ ಸ್ಯಾನ್ ಆಂಡ್ರಿಯಾಸ್ ಎಂಬ ಮಾದರಿಯನ್ನು ಡಿಸ್ಕ್ ಬ್ರೇಕ್ ಸಮೇತ ತಂದಿತು. ಇಂಗ್ಲೆಂಡಿನಲ್ಲಿ ಹೋಪ್, ಮೋಟರ್ ಬೈಕ್ ಬ್ರೇಕಿಗೆ ಹೆಸರಾದ ಅಮೆರಿಕದ ಹೇಯ್ಸ್, ಜರ್ಮನಿಯ ಮಗೂರ ಎಲ್ಲರೂ ಕಣಕ್ಕಿಳಿದರು. ರೋಟರನ್ನು ಹಬ್ಬಿಗೆ ಆರು ಬೋಲ್ಟುಗಳಲ್ಲಿ ಕೂರಿಸುವ ಒಂದೇ ಅಳತೆ ಬಳಕೆಗೆ ಬಂತು, ಬೋಲ್ಟುಗಳ ವೃತ್ತದ ವ್ಯಾಸ 44 ಮಿಲಿಮೀಟರ್. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಯಾವ ಕಂಪನಿಯ ತಟ್ಟೆ ಸವೆದರೂ ಯಾವ ಅಂಗಡಿಯಿಂದಾದರೂ ಇನ್ನೊಂದು ತಂದು ಹಾಕಬಹುದು ಅಂತಾದ ಮೇಲೇ ರೋಟರು ನಿಜವಾಗಿ ಸವೆಯಬಲ್ಲ ಭಾಗವಾಯಿತು.

ಈಗ ತಟ್ಟೆಯ ವಿನ್ಯಾಸ ನೋಡೋಣ. ಸೈಕಲ್ ರೋಟರಿಗೆ ಸಾಮಾನ್ಯವಾಗಿ ಬಳಸುವುದು ಹದ ಹಾಕಿ ಗಡುಸು ಮಾಡಬಲ್ಲ ಸ್ಟೇನ್‌ಲೆಸ್ ಸ್ಟೀಲ್. ಮಳೆಗೆ ತುಕ್ಕು ಹಿಡಿಯಬಾರದು, ಉಜ್ಜಿದರೆ ಬೇಗ ಸವೆಯಬಾರದು. ವ್ಯಾಸ 140, 160, 180, 203 ಮಿಲಿಮೀಟರ್ ಹೀಗೆ. ದೊಡ್ಡದಾದಷ್ಟೂ ಹಿಡಿತ ಹೆಚ್ಚು, ತಣಿಯುವುದೂ ಬೇಗ. ತೂತುಗಳು ಅಲಂಕಾರಕ್ಕಲ್ಲ. ಭಾರ ಇಳಿಸುತ್ತವೆ, ನೀರು ಕೆಸರು ಹೊರಹೋಗಲು ದಾರಿ ಕೊಡುತ್ತವೆ, ಅವುಗಳ ಅಂಚು ಪ್ಯಾಡಿನ ಮೈಯನ್ನು ಕೆರೆದು ಸ್ವಚ್ಛವಾಗಿಡುತ್ತದೆ.

ನನಗೆ ಬಹಳ ಇಷ್ಟವಾಗುವುದು ಒಳಗಿನ ಕಡ್ಡಿಗಳು. ಅವು ನೇರವಾಗಿ ನಡುವಿನಿಂದ ಹೊರಡದೆ ಓರೆಯಾಗಿರುತ್ತವೆ, ಗಮನಿಸಿದ್ದೀರಾ? ಬ್ರೇಕು ಹಿಡಿದಾಗ ಬಿಸಿಯಾಗುವುದು ಹೊರಗಿನ ಬಳೆ. 160 ಮಿಲಿಮೀಟರಿನ ಬಳೆ 300 ಡಿಗ್ರಿ ಬಿಸಿಯೇರಿದರೆ ವ್ಯಾಸದಲ್ಲಿ ಸುಮಾರು ಅರ್ಧ ಮಿಲಿಮೀಟರ್ ಹಿಗ್ಗುತ್ತದೆ. ಒಳಭಾಗ ತಣ್ಣಗೇ ಇರುತ್ತದೆ. ಕಡ್ಡಿಗಳು ನೆಟ್ಟಗಿದ್ದರೆ ಹಿಗ್ಗುವ ಬಳೆಯನ್ನು ಹಿಡಿದೆಳೆದು ತಟ್ಟೆ ಸೊಟ್ಟಗಾಗುತ್ತದೆ. ಓರೆಯಾಗಿದ್ದರೆ ಬಳೆ ಒಂಚೂರು ತಿರುಗಿಕೊಂಡು ಹಿಗ್ಗಲು ಜಾಗ ಸಿಗುತ್ತದೆ. ರೋಟರಿನ ಮೇಲೆ ಬಾಣದ ಗುರುತು ಇರುವುದೂ ಈ ಓರೆ ಕಡ್ಡಿಗಳಿಂದಲೇ. ತಿರುವುಮುರುವು ಹಾಕಿದರೆ ಕಡ್ಡಿಗಳ ಮೇಲೆ ಬೀಳುವ ಬಲದ ದಿಕ್ಕೇ ಬದಲಾಗುತ್ತದೆ. 2010ರ ದಶಕದ ಆರಂಭದಲ್ಲಿ ಶಿಮಾನೊ ಎರಡು ಸ್ಟೀಲ್ ಹಾಳೆಗಳ ನಡುವೆ ಅಲ್ಯೂಮಿನಿಯಂ ಇಟ್ಟ ರೋಟರು ತಂದಿತು. ಅಲ್ಯೂಮಿನಿಯಂ ಬಿಸಿಯನ್ನು ಸ್ಟೀಲಿಗಿಂತ ಹಲವು ಪಟ್ಟು ಬೇಗ ಸಾಗಿಸುತ್ತದೆ. ಆದರೆ ಅದು 660 ಡಿಗ್ರಿಗೆ ಕರಗುತ್ತದೆ ಅನ್ನುವುದನ್ನೂ ಮರೆಯುವ ಹಾಗಿಲ್ಲ.

ಹೊಸ ರೋಟರು ಹಾಕಿದ ಕೂಡಲೇ ಪೂರ್ತಿ ಹಿಡಿತ ಸಿಗುವುದಿಲ್ಲ. ಹೊಸ ದೋಸೆ ಕಾವಲಿಯನ್ನು ಪಳಗಿಸುತ್ತೀವಲ್ಲ, ಹಾಗೆ ಇದನ್ನೂ ಪಳಗಿಸಬೇಕು. ವೇಗವಾಗಿ ಹೋಗಿ ನಿಧಾನಕ್ಕೆ ಇಳಿಸುವುದನ್ನು ಹತ್ತಾರು ಸಲ ಮಾಡಿದಾಗ ಪ್ಯಾಡಿನ ವಸ್ತು ತಟ್ಟೆಯ ಮೇಲೆ ತೆಳುವಾಗಿ, ಸಮನಾಗಿ ಹತ್ತಿಕೊಳ್ಳುತ್ತದೆ. ಹಿಡಿತ ಕೊಡುವುದರಲ್ಲಿ ಆ ಪದರದ ಪಾಲು ದೊಡ್ಡದು. ವ್ಯತ್ಯಾಸ ಒಂದೇ, ಕಾವಲಿಗೆ ಎಣ್ಣೆ ಬೇಕು, ಇದಕ್ಕೆ ಎಣ್ಣೆಯೇ ಶತ್ರು. ಚೈನಿಗೆ ಹಾಕಿದ ಎಣ್ಣೆ ನಾಲ್ಕು ಹನಿ ಹಾರಿ ಬಿದ್ದರೂ ಪ್ಯಾಡು ಕೆಟ್ಟಿತು.

ಸವೆತ ಪ್ಯಾಡಿನ ಮೇಲೂ ನಿಂತಿದೆ. ರಾಳದಿಂದ ಮಾಡಿದ ಪ್ಯಾಡು ಮೃದು, ತಾನು ಸವೆದು ತಟ್ಟೆಯನ್ನು ಉಳಿಸುತ್ತದೆ. ಲೋಹದ ಪುಡಿಯನ್ನು ಕಾಯಿಸಿ ಒತ್ತಿ ಮಾಡಿದ ಪ್ಯಾಡು ಕೆಸರಲ್ಲೂ ಬಾಳುತ್ತದೆ, ಆದರೆ ತಟ್ಟೆಯನ್ನು ತಿನ್ನುತ್ತದೆ. ಅಗ್ಗದ ಕೆಲವು ರೋಟರುಗಳ ಮೇಲೆ ರಾಳದ ಪ್ಯಾಡ್ ಮಾತ್ರ ಬಳಸಿ ಎಂದು ಬರೆದಿರುವುದು ಇದಕ್ಕೇ, ಅವುಗಳ ಸ್ಟೀಲು ಅಷ್ಟು ಗಡುಸಲ್ಲ. ಅಳೆಯುವಾಗಲೂ ಒಂದು ಕಿವಿಮಾತು. ಸವೆಯುವುದು ಪ್ಯಾಡು ತಾಗುವ ಜಾಗ ಮಾತ್ರ, ಅಂಚು ದಪ್ಪಗೆ ಉಳಿದಿರುತ್ತದೆ. ವರ್ನಿಯರ್ ಆ ಅಂಚಿನ ಮೇಲೆ ಕೂತರೆ ಲೆಕ್ಕ ತಪ್ಪುತ್ತದೆ, ಮೈಕ್ರೋಮೀಟರ್ ವಾಸಿ. ತೀರ ತೆಳುವಾದ ತಟ್ಟೆ ಬಿಸಿಗೆ ಸೊಟ್ಟಗಾಗುತ್ತದೆ, ತೂತುಗಳ ಪಕ್ಕ ಬಿರುಕು ಬಿಡಬಹುದು.

ತಟ್ಟೆ ತಂದ ಹೊಸ ಅಪಾಯಗಳೂ ಇವೆ. ಮುಂಗಾಲಿಯಲ್ಲಿ ಕ್ಯಾಲಿಪರ್ ಇರುವುದು ಫೋರ್ಕಿನ ಹಿಂಬದಿಗೆ. ಗಾಲಿ ಮುಂದಕ್ಕೆ ಉರುಳುವಾಗ ಅಲ್ಲಿ ತಟ್ಟೆ ಮೇಲಕ್ಕೆ ಹೋಗುತ್ತಿರುತ್ತದೆ, ಪ್ಯಾಡು ಅದನ್ನು ಕೆಳಕ್ಕೆ ಜಗ್ಗುತ್ತದೆ. ತಟ್ಟೆ ಚಿಕ್ಕದಾದ್ದರಿಂದ ಆ ಬಲ ಟೈರಿನ ಬಳಿಯ ಬಲದ ನಾಲ್ಕು ಪಟ್ಟು. ಜೋರಾಗಿ ಹಿಡಿದರೆ 200 ಕಿಲೋ ತೂಗಿಬಿಟ್ಟ ಹಾಗೆ. ಫೋರ್ಕಿನ ಬಾಯಿಯೋ, ಕೆಳಕ್ಕೇ ತೆರೆದಿದೆ! ಕ್ವಿಕ್ ರಿಲೀಸ್ ಸಡಿಲವಾದರೆ ಗಾಲಿಯೇ ಕಳಚಬಹುದು ಅಂತ ಬ್ರಿಟನ್ನಿನ ವಿಜ್ಞಾನಿ ಜೇಮ್ಸ್ ಅನ್ನನ್ 2003ರಲ್ಲಿ ವಿವರವಾಗಿ ತೋರಿಸಿದರು. ಇಂದು ಬಹುತೇಕ ಒಳ್ಳೆಯ ಸೈಕಲ್ಲುಗಳಲ್ಲಿ ಅಚ್ಚು ಮುಚ್ಚಿದ ತೂತಿನೊಳಗೇ ತೂರಿ ಕೂರುತ್ತದೆ. 2015ರ ಏಪ್ರಿಲಿನಲ್ಲಿ ಟ್ರೆಕ್ ಕಂಪನಿ ಅಮೆರಿಕದಲ್ಲಿ ಸುಮಾರು 9 ಲಕ್ಷ ಸೈಕಲ್ಲುಗಳನ್ನು ಸರಿಪಡಿಸಲು ವಾಪಸ್ ಕರೆಯಿತು. ತೆರೆದುಕೊಂಡ ಕ್ವಿಕ್ ರಿಲೀಸ್ ಹಿಡಿ ರೋಟರಿಗೆ ಸಿಕ್ಕಿಕೊಂಡು ಗಾಲಿ ನಿಲ್ಲುವ ಸಾಧ್ಯತೆ ಇತ್ತು. ಒಬ್ಬ ಸವಾರನಿಗೆ ಕೈಕಾಲುಗಳ ಸ್ವಾಧೀನವೇ ತಪ್ಪಿತ್ತು. ಅದೇ ಸೆಪ್ಟೆಂಬರಿನಲ್ಲಿ ಇನ್ನೂ 13 ಕಂಪನಿಗಳು ಅದೇ ಕಾರಣಕ್ಕೆ ಸುಮಾರು 13 ಲಕ್ಷ ಸೈಕಲ್ಲುಗಳನ್ನು ಕರೆದವು.

ರಸ್ತೆ ಪಂದ್ಯಗಳಲ್ಲಿ ಜಗಳ ಬೇರೆಯೇ. ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ 2015ರಲ್ಲಿ ಡಿಸ್ಕಿನ ಪ್ರಯೋಗ ಶುರು ಮಾಡಿತು. 2016ರ ಏಪ್ರಿಲ್ 10ರ ಪ್ಯಾರಿಸ್-ರೂಬೆ ಓಟದಲ್ಲಿ ಸ್ಪೇನಿನ ಫ್ರಾನ್ಸಿಸ್ಕೊ ವೆಂಟೋಸೊ ಕಾಲಿಗೆ ಆಳವಾದ ಗಾಯವಾಯಿತು. ರೋಟರೇ ಕೊಯ್ದದ್ದು ಎಂದು ಆತ ಬಹಿರಂಗ ಪತ್ರ ಬರೆದ. ಅಲ್ಲ, ಬೇರೆ ಭಾಗ ತಾಗಿರಬೇಕು ಎಂದವರೂ ಇದ್ದರು. ಯುಸಿಐ ಪ್ರಯೋಗ ನಿಲ್ಲಿಸಿತು. 2017ರಲ್ಲಿ ಮತ್ತೆ ಶುರುವಾದಾಗ ರೋಟರಿನ ಅಂಚು ಚೂಪಾಗಿರದೆ ದುಂಡಾಗಿರಬೇಕಿತ್ತು. 2018ರ ಜುಲೈನಲ್ಲಿ ಪೂರ್ಣ ಒಪ್ಪಿಗೆ ಸಿಕ್ಕಿತು. ಗಾಯ ಯಾವುದರಿಂದ ಆಯಿತು ಅನ್ನುವ ವಾದ ಏನೇ ಇರಲಿ, ಒಬ್ಬ ಸವಾರ ಬಾಯಿಬಿಟ್ಟು ಕೇಳಿದ್ದರ ಫಲವನ್ನು ಮುಂದಿನವರು ಉಂಡರು.

ಮೊದಲು ಟೈರು ಸವೆಯಿತು, ಆಮೇಲೆ ರಿಮ್ಮು, ನಡುವೆ ಯಾರದೋ ಎದೆಗೂಡು. ನೂರು ವರ್ಷ ಕಳೆದ ಮೇಲೆ ಆ ಸರದಿ ಕೆಲವು ನೂರು ರೂಪಾಯಿಗೆ ಸಿಗುವ, ಆರು ಬೋಲ್ಟು ಬಿಚ್ಚಿದರೆ ಕೈಗೆ ಬರುವ ಒಂದು ತಟ್ಟೆಗೆ ಬಂದಿದೆ. ಅದು ತನ್ನ ಕೆಲಸ ಮಾಡುತ್ತೆ. ಎಷ್ಟು ಉಳಿದಿದೆ ಅಂತ ನೋಡುವ ಕೆಲಸ ಮಾತ್ರ ನಮ್ಮದು.

ನಿಮ್ಮ ಸೈಕಲ್ಲಿನ ತಟ್ಟೆ ಎಷ್ಟು ಸವೆದಿದೆ? ಅಳೆದು ನೋಡಿ, ನನಗೂ ಹೇಳಿ.