ಐದನೇ ಗೇರ್ ಬೇಡ ಅಂದ ಡ್ರೈವರ್

ಹೋದ ಮುಂಗಾರಿನಲ್ಲಿ ನಮ್ಮ ಪಕ್ಕದ ಮನೆಯವರ ಟ್ರ್ಯಾಕ್ಟರ್ ಹೊಲದ ನಡುವೆ ನಿಂತುಬಿಟ್ಟಿತು. ಎಂಜಿನ್ ಚೆನ್ನಾಗಿಯೇ ಓಡುತ್ತಿತ್ತು, ಗೇರ್ ಮಾತ್ರ ಬೀಳುತ್ತಿರಲಿಲ್ಲ. ಮೇಸ್ತ್ರಿ ಬಂದು ಗೇರ್‌ಬಾಕ್ಸ್ ಬಿಚ್ಚಿದರೆ ಎಣ್ಣೆಯ ತಳದಲ್ಲಿ ಎರಡು ಮುರಿದ ಹಲ್ಲುಗಳು ಬಿದ್ದಿದ್ದವು.

"ಸದ್ದು ಎಷ್ಟು ದಿನದಿಂದ ಬರ್ತಿತ್ತು ಗೌಡ್ರೇ?" ಅಂತ ಮೇಸ್ತ್ರಿ ಕೇಳಿದ.

"ಹೋದ ವರ್ಷದಿಂದ್ಲೂ ಇತ್ತಪ್ಪ. ಓಡ್ತಿತ್ತಲ್ಲ ಅಂತ ಬಿಟ್ಟಿದ್ದೆ" ಅಂದರು ಗೌಡರು.

ಸಾಮಾನು ಬರೋಕೆ ಐದು ದಿನ ಹಿಡಿಯಿತು. ಅಷ್ಟರಲ್ಲಿ ಭೂಮಿಯ ಹದ ತಪ್ಪಿತ್ತು.

ಆವತ್ತು ನನಗೆ ನೆನಪಾದದ್ದು ಫ್ರಾನ್ಸ್ ದೇಶದ ಒಂದು ಕಾರ್ ರೇಸ್, ಮತ್ತು ಅಲ್ಲಿ ಏಳು ವರ್ಷ ಗೇರ್‌ಬಾಕ್ಸ್‌ನ ಕಾಟವನ್ನು ಹತ್ತಿರದಿಂದ ಕಂಡ ಇಂಗ್ಲೆಂಡಿನ ಒಬ್ಬ ಡ್ರೈವರ್. ಅವರ ಹೆಸರು ರಿಚರ್ಡ್ ಆಟ್‌ವುಡ್. ರೇಸ್ ಗೆಲ್ಲೋಕೆ ಎಲ್ಲರೂ ಹೆಚ್ಚು ವೇಗ ಕೇಳುತ್ತಿದ್ದಾಗ ಈ ಮನುಷ್ಯ ಕಡಿಮೆ ಗೇರ್ ಕೇಳಿದರು. ಯಾಕೆ ಅನ್ನೋದೇ ಈ ಬರಹ.

ಇಪ್ಪತ್ತನಾಲ್ಕು ಗಂಟೆಯ ಓಟ

ಫ್ರಾನ್ಸಿನಲ್ಲಿ ಲೆ ಮಾನ್ ಅನ್ನೋ ಪಟ್ಟಣವಿದೆ. ಅಲ್ಲಿ 1923ರಿಂದ ಒಂದು ರೇಸ್ ನಡೆಯುತ್ತಾ ಬಂದಿದೆ. ಒಂದು ಹಗಲು, ಒಂದು ರಾತ್ರಿ, ಒಟ್ಟು 24 ಗಂಟೆ ಕಾರು ಓಡಬೇಕು. ಅಷ್ಟು ಹೊತ್ತಿನಲ್ಲಿ ಯಾರು ಹೆಚ್ಚು ದೂರ ಹೋಗುತ್ತಾರೋ ಅವರು ಗೆದ್ದಂತೆ. ಕಾರು ಒಂದೇ, ಡ್ರೈವರುಗಳು ಆಗ ಇಬ್ಬರು. ಒಬ್ಬರು ಓಡಿಸುವಾಗ ಇನ್ನೊಬ್ಬರು ವಿಶ್ರಾಂತಿ ತೆಗೆದುಕೊಳ್ಳುತ್ತಾರೆ. ಕಾರಿಗೆ ಮಾತ್ರ ವಿಶ್ರಾಂತಿ ಇಲ್ಲ.

ನಾವು ಹೇಳುತ್ತಿರುವ ಕಾಲದಲ್ಲಿ ಒಂದು ಸುತ್ತು ಸುಮಾರು 13.5 ಕಿಲೋಮೀಟರ್ ಇತ್ತು. ಅದರಲ್ಲಿ ಸುಮಾರು 6 ಕಿಲೋಮೀಟರ್ ನೇರ ರಸ್ತೆ. ಅಲ್ಲಿ ಕಾರುಗಳು ಗಂಟೆಗೆ 300 ಕಿಲೋಮೀಟರ್ ದಾಟುತ್ತಿದ್ದವು. ಆ ರಸ್ತೆಯ ಕೊನೆಗೆ ಬಿಗಿಯಾದ ತಿರುವು. ಅಲ್ಲಿ ಒಂದೊಂದೇ ಗೇರ್ ಇಳಿಸಿ, ತಿರುಗಿಸಿ, ಮತ್ತೆ ಒಂದೊಂದೇ ಏರಿಸಬೇಕು. ಇದನ್ನು ಪ್ರತಿ ಸುತ್ತಿನಲ್ಲೂ, 24 ಗಂಟೆಯಲ್ಲಿ ಮುನ್ನೂರಕ್ಕೂ ಹೆಚ್ಚು ಸಲ ಮಾಡಬೇಕು. ಲೋಡ್ ಲಾರಿ ಘಾಟಿ ಹತ್ತುವುದನ್ನು ನೋಡಿದವರಿಗೆ ಗೇರ್‌ಬಾಕ್ಸ್ ಮೇಲೆ ಬೀಳುವ ಹೊಡೆತ ಏನು ಅಂತ ಗೊತ್ತು. ಎಂಜಿನ್ನಿನ ಬಲವೆಲ್ಲ ಚಕ್ರಕ್ಕೆ ಹೋಗುವುದು ಬೆರಳುದ್ದವೂ ಇಲ್ಲದ ಆ ಹಲ್ಲುಗಳ ಮೂಲಕವೇ.

1963: ಮೊದಲ ಸೂಚನೆ

ಆಟ್‌ವುಡ್ ಲೆ ಮಾನ್‌ಗೆ ಬಂದದ್ದು 1963ರಲ್ಲಿ. ವಯಸ್ಸು 23. ಜೊತೆಗಾರ ಡೇವಿಡ್ ಹಾಬ್ಸ್. ಕಾರು ಇಂಗ್ಲೆಂಡಿನ ಸಣ್ಣ ಕಂಪನಿ ಲೋಲಾದ್ದು. ಅದರ ಒಡೆಯ ಎರಿಕ್ ಬ್ರಾಡ್ಲಿ. ಕಾರು ಸಿದ್ಧವಾಗೋದು ಎಷ್ಟು ತಡವಾಯಿತೆಂದರೆ ಬ್ರಾಡ್ಲಿಯವರೇ ಅದನ್ನು ರಸ್ತೆ ಮೇಲೆ ಓಡಿಸಿಕೊಂಡು ಫ್ರಾನ್ಸಿಗೆ ತಂದರು.

ಆ ಕಾರಿನ ವಿಶೇಷ ಏನೆಂದರೆ, ಅಮೆರಿಕದ ಫೋರ್ಡ್ ಕಂಪನಿಯ ದೊಡ್ಡ ವಿ8 ಎಂಜಿನ್ ಡ್ರೈವರ್ ಸೀಟಿನ ಹಿಂದೆ ಇತ್ತು. ಹಾಗೆ ಎಂಜಿನ್ ಹಿಂದಕ್ಕೆ ಹೋದರೆ ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಎರಡೂ ಒಂದೇ ಡಬ್ಬಿಯಲ್ಲಿ ಹಿಂದಿನ ಚಕ್ರಗಳ ನಡುವೆ ಕೂರಬೇಕು. ಅಷ್ಟು ಬಲ ತಡೆಯುವ ಅಂಥ ಡಬ್ಬಿ ಆಗ ಅಂಗಡಿಯಲ್ಲಿ ಸಿಗುವ ವಸ್ತು ಆಗಿರಲಿಲ್ಲ. ಸಿಕ್ಕಿದ್ದು ಇಟಲಿಯ ಮೊಡೆನಾದ ಕೊಲೊಟ್ಟಿ ಗೇರ್‌ಬಾಕ್ಸ್.

ರೇಸಿನಲ್ಲಿ ಅದು ಕಾಟ ಕೊಟ್ಟಿತು. ಗೇರ್ ಸರಿಯಾಗಿ ಬೀಳುತ್ತಿರಲಿಲ್ಲ. ಕಾರು ನಿಲ್ಲಿಸಿ ರಿಪೇರಿ ಮಾಡಿ ಮತ್ತೆ ಕಳಿಸಿದರು. ಹಾಬ್ಸ್ ಓಡಿಸುತ್ತಿದ್ದಾಗ ಗೇರ್ ಕೈಕೊಟ್ಟು ಕಾರು ಅಪಘಾತಕ್ಕೀಡಾಯಿತು. ಓಟ ಅಲ್ಲಿಗೆ ಮುಗಿಯಿತು.

ನಮ್ಮ ಗೌಡರ ಟ್ರ್ಯಾಕ್ಟರ್ ಸದ್ದಿನ ಹಾಗೆ ಇದು ಮೊದಲ ಸೂಚನೆ.

1964: ದುಡ್ಡಿತ್ತು, ಗೇರ್ ಇರಲಿಲ್ಲ

ಅದೇ 1963ರಲ್ಲಿ ಫೋರ್ಡ್ ಕಂಪನಿ ಇಟಲಿಯ ಫೆರಾರಿಯನ್ನು ಕೊಂಡುಕೊಳ್ಳಲು ಹೋಗಿತ್ತು. ಮಾತುಕತೆ ಕೊನೆ ಗಳಿಗೆಯಲ್ಲಿ ಮುರಿದುಬಿತ್ತು. ಹಾಗಾದರೆ ಲೆ ಮಾನ್‌ನಲ್ಲೇ ಫೆರಾರಿಯನ್ನು ಸೋಲಿಸುತ್ತೇವೆ ಅಂತ ಫೋರ್ಡ್ ಹೊರಟಿತು. ಬ್ರಾಡ್ಲಿಯವರನ್ನೇ ಕರೆಸಿಕೊಂಡು ಹೊಸ ಕಾರು ಕಟ್ಟಿಸಿತು. ಅದೇ ಜಿಟಿ40. ಎತ್ತರ 40 ಇಂಚು, ಅಂದರೆ ನಮ್ಮ ಸೊಂಟದ ಮಟ್ಟ. ಅದಕ್ಕೇ ಆ ಹೆಸರು.

ದುಡ್ಡಿಗೆ ಕೊರತೆ ಇರಲಿಲ್ಲ. ಆದರೆ ಗೇರ್‌ಬಾಕ್ಸ್ ಮಾತ್ರ ಅದೇ ಕೊಲೊಟ್ಟಿ.

1964ರ ಜೂನ್‌ನಲ್ಲಿ ಮೂರು ಜಿಟಿ40 ಓಟಕ್ಕೆ ನಿಂತವು. ಶುರುವಿನಲ್ಲೇ ರಿಚಿ ಗಿಂಥರ್ ಫೆರಾರಿಗಳನ್ನೆಲ್ಲ ಹಿಂದೆ ಹಾಕಿ ಮುಂದೆ ಹೋದರು. ಐದನೇ ಗಂಟೆಯಲ್ಲಿ ಆ ಕಾರಿನ ಗೇರ್‌ಬಾಕ್ಸ್ ಹೋಯಿತು. ಆಟ್‌ವುಡ್ ಓಡಿಸುತ್ತಿದ್ದ ಎರಡನೇ ಕಾರಿಗೆ ಬೆಂಕಿ ಹತ್ತಿತು. ಅವರು ರಸ್ತೆ ಬದಿಗೆ ನಿಲ್ಲಿಸಿ ಇಳಿದು ಪಾರಾದರು. ಮೂರನೆಯದು ಫಿಲ್ ಹಿಲ್ ಮತ್ತು ಬ್ರೂಸ್ ಮೆಕ್‌ಲಾರೆನ್ ಅವರದ್ದು. ಆ ಓಟದ ಅತಿ ವೇಗದ ಸುತ್ತು ಅದರದ್ದೇ, 3 ನಿಮಿಷ 49.4 ಸೆಕೆಂಡ್. ಭಾನುವಾರ ಬೆಳಗಿನ ಹೊತ್ತಿಗೆ ಅದರ ಗೇರ್‌ಬಾಕ್ಸೂ ಕೈಕೊಟ್ಟಿತು.

ಎಲ್ಲರಿಗಿಂತ ಜೋರಾಗಿ ಸುತ್ತು ಹಾಕಿದ ಕಾರು ಮನೆಗೆ ಹೋಯಿತು. ಫೆರಾರಿ ಗೆದ್ದಿತು.

ಫೋರ್ಡ್ ಮಾಡಿದ ರಿಪೇರಿ

ಮುಂದೆ ಫೋರ್ಡ್ ಎರಡು ದಾರಿ ಹಿಡಿಯಿತು. ಸಣ್ಣ ಎಂಜಿನ್ನಿನ ಕಾರುಗಳಿಗೆ ಕೊಲೊಟ್ಟಿ ತೆಗೆದು ಜರ್ಮನಿಯ ಝಡ್‌ಎಫ್ ಕಂಪನಿಯ ಐದು ಗೇರ್‌ಗಳ ಬಾಕ್ಸ್ ಹಾಕಿದರು. 7 ಲೀಟರಿನ ದೈತ್ಯ ಎಂಜಿನ್ನಿಗೆ ತಾವೇ ನಾಲ್ಕು ಗೇರ್‌ಗಳ ಬಾಕ್ಸ್ ಮಾಡಿಸಿ, ಒಳಗೆ ತಮ್ಮದೇ ದೊಡ್ಡ ರಸ್ತೆ ಕಾರಿನ ದಪ್ಪ ಗೇರ್‌ಗಳನ್ನು ಕೂರಿಸಿದರು.

ಆದರೂ 1965ರಲ್ಲಿ ಮತ್ತೆ ಸೋಲು. 7 ಲೀಟರಿನ ಎರಡು ಕಾರುಗಳಲ್ಲಿ ಒಂದರ ಗೇರ್‌ಬಾಕ್ಸ್, ಇನ್ನೊಂದರ ಕ್ಲಚ್ ಹೋಯಿತು. ಆ ವರ್ಷ ಗೆದ್ದ ಫೆರಾರಿಯ ಡ್ರೈವರುಗಳಲ್ಲಿ ಒಬ್ಬರು ಮಾಸ್ಟೆನ್ ಗ್ರೆಗರಿ. ಹಿಂದಿನ ವರ್ಷ ಐದನೇ ಗಂಟೆಗೆ ನಿಂತುಹೋದ ಫೋರ್ಡ್‌ನಲ್ಲಿ ಗಿಂಥರ್ ಅವರ ಜೊತೆಗಾರ ಇವರೇ!

ಆಮೇಲೆ ಫೋರ್ಡ್‌ನವರು ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಜೋಡಿಸಿ ಕಾರ್ಖಾನೆಯೊಳಗೆ ಒಂದು ಯಂತ್ರದ ಮೇಲೆ ಇಟ್ಟು, ಲೆ ಮಾನ್ ಸುತ್ತಿನಂತೆಯೇ ಗೇರ್ ಏರಿಸಿ ಇಳಿಸಿ ಗಂಟೆಗಟ್ಟಲೆ ಓಡಿಸಿದರು. ಮುರಿಯುವುದೆಲ್ಲ ಅಲ್ಲೇ ಮುರಿಯಲಿ ಅಂತ. 1966ರಲ್ಲಿ ಮೊದಲ ಮೂರು ಸ್ಥಾನವೂ ಫೋರ್ಡ್‌ಗೇ ಬಂತು.

ಅಷ್ಟಕ್ಕೇ ಪಾಠ ಮುಗಿಯಲಿಲ್ಲ. 1967ರ ಫೆಬ್ರವರಿಯಲ್ಲಿ ಅಮೆರಿಕದ ಡೇಟೋನಾದಲ್ಲಿ ಇನ್ನೊಂದು 24 ಗಂಟೆಯ ರೇಸ್ ನಡೆಯಿತು. ಅಲ್ಲಿ ಫೋರ್ಡ್ ಕಾರುಗಳ ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟುಗಳು ಒಂದಾದ ಮೇಲೊಂದು ಮುರಿದವು. ಕಾರಣ, ಉಕ್ಕನ್ನು ಕಾಯಿಸಿ ತಣಿಸುವಾಗ ಹದ ತಪ್ಪಿತ್ತು. ಕುಲುಮೆಯಲ್ಲಿ ಕುಡುಗೋಲಿಗೆ ನೀರು ಕುಡಿಸುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಹದ ತಪ್ಪಿದರೆ ನೋಡೋಕೆ ಚೆನ್ನಾಗಿರುತ್ತದೆ, ಹೊಡೆತ ಬಿದ್ದಾಗ ಗೊತ್ತಾಗುತ್ತದೆ. ಅಮೆರಿಕದ ನೆಲದಲ್ಲೇ ಫೆರಾರಿಯ ಮೂರು ಕಾರುಗಳು ಅಕ್ಕಪಕ್ಕ ಬಂದು ಮೊದಲ ಮೂರು ಸ್ಥಾನ ಪಡೆದವು.

1969: ಮೂರು ಗಂಟೆ ಬಾಕಿ ಇದ್ದಾಗ

ಈಗ ಮತ್ತೆ ಆಟ್‌ವುಡ್ ಅವರ ಕಥೆಗೆ ಬರೋಣ. 1969ರಲ್ಲಿ ಅವರು ಜರ್ಮನಿಯ ಪೋರ್ಷೆ ಕಂಪನಿಯ ಡ್ರೈವರ್. ಪೋರ್ಷೆ ಆಗ 917 ಅನ್ನೋ ಹೊಸ ಕಾರು ತಂದಿತ್ತು. 12 ಸಿಲಿಂಡರ್, 4.5 ಲೀಟರ್, ಐನೂರಕ್ಕೂ ಹೆಚ್ಚು ಹಾರ್ಸ್‌ಪವರ್. ಕಾರು ವೇಗದಲ್ಲಿ ಸ್ಥಿರವಾಗಿ ನಿಲ್ಲುತ್ತಿರಲಿಲ್ಲ. ಅದನ್ನು ಓಡಿಸಲು ಡ್ರೈವರುಗಳೇ ಹೆದರುತ್ತಿದ್ದರು. ಆ ವರ್ಷದ ಓಟದ ಮೊದಲ ಸುತ್ತಿನಲ್ಲೇ ಒಂದು 917 ಅಪಘಾತಕ್ಕೀಡಾಗಿ ಅದರ ಡ್ರೈವರ್ ಜಾನ್ ವುಲ್ಫ್ ತೀರಿಕೊಂಡರು.

ಇನ್ನೊಂದು 917ನ್ನು ವಿಕ್ ಎಲ್ಫರ್ಡ್ ಮತ್ತು ಆಟ್‌ವುಡ್ ಓಡಿಸುತ್ತಿದ್ದರು. ರಾತ್ರಿಯಿಡೀ ಅವರೇ ಮುಂದೆ. ಭಾನುವಾರ ಬೆಳಿಗ್ಗೆಯೂ ಕೆಲವು ಸುತ್ತುಗಳ ಅಂತರದಲ್ಲಿ ಮುಂದಿದ್ದರು. 21ನೇ ಗಂಟೆಯಲ್ಲಿ ಕ್ಲಚ್ ಮತ್ತು ಗೇರ್‌ಬಾಕ್ಸಿನ ಭಾಗ ಕೈಕೊಟ್ಟಿತು. ಉಳಿದಿದ್ದು ಬರೀ ಮೂರು ಗಂಟೆ. ಕಾರು ಮುಂದೆ ಹೋಗಲಿಲ್ಲ.

ಆ ರೇಸ್ ಗೆದ್ದಿದ್ದು ಯಾವುದು ಗೊತ್ತಾ? ಹಳೆಯ ಫೋರ್ಡ್ ಜಿಟಿ40. ಆ ಮಾದರಿಗೆ ಆಗ ಐದು ವರ್ಷ, ರೇಸಿಂಗ್ ಲೆಕ್ಕದಲ್ಲಿ ಮುದಿ ಕಾರು. ಹಿಂದಿನ ವರ್ಷ ಗೆದ್ದದ್ದೂ ಅದೇ ಕಾರು. ಕೊಲೊಟ್ಟಿ ಹೋಗಿ ಝಡ್‌ಎಫ್ ಬಂದಿದ್ದರಿಂದ ಅದರ ಹಳೇ ರೋಗ ವಾಸಿಯಾಗಿತ್ತು. ಅದನ್ನು ಓಡಿಸಿದ ಜಾಕಿ ಇಕ್ಸ್, ಪೋರ್ಷೆಯ ಇನ್ನೊಂದು ಕಾರನ್ನು ಸೋಲಿಸಿದ್ದು ಸುಮಾರು 120 ಮೀಟರ್ ಅಂತರದಲ್ಲಿ. 24 ಗಂಟೆ ಓಡಿ ಅಷ್ಟೇ ಅಂತರ! ಆ ಸೋತ ಕಾರಿನಲ್ಲಿದ್ದವರು ಹಾನ್ಸ್ ಹೆರ್ಮಾನ್.

1970: ನಾಲ್ಕು ಸಾಕು

1970ರ ಓಟಕ್ಕೆ ಮುಂಚೆ ಪೋರ್ಷೆಯವರು ಆಟ್‌ವುಡ್ ಅವರಿಗೆ ಯಾವ ರೀತಿಯ ಕಾರು ಬೇಕು ಅಂತ ಕೇಳಿದರು. ಆಗ ಹೊಸದಾಗಿ 4.9 ಲೀಟರಿನ ಹೆಚ್ಚು ಬಲದ ಎಂಜಿನ್ ಬಂದಿತ್ತು. ಆಟ್‌ವುಡ್ ಹಳೆಯ 4.5 ಲೀಟರಿನದೇ ಸಾಕು ಅಂದರು. ಗೇರ್‌ಬಾಕ್ಸ್ ಐದು ಗೇರ್‌ಗಳದ್ದು ಬೇಡ, ನಾಲ್ಕರದ್ದು ಕೊಡಿ ಅಂದರು. ಜೊತೆಗೆ ಹೆರ್ಮಾನ್ ಇರಲಿ ಅಂದರು. ಒಬ್ಬರು ಗೇರ್‌ಬಾಕ್ಸಿನಿಂದ ಸೋತವರು, ಇನ್ನೊಬ್ಬರು 120 ಮೀಟರಿನಿಂದ ಸೋತವರು.

ನಾಲ್ಕು ಗೇರ್ ಯಾಕೆ? ಲೆಕ್ಕ ಸುಲಭ. ಡಬ್ಬಿಯ ಅಳತೆ ಒಂದೇ. ಅದರೊಳಗೆ ಐದು ಜೊತೆ ಗೇರ್ ತುಂಬಬೇಕಾದರೆ ಒಂದೊಂದೂ ತೆಳ್ಳಗಾಗುತ್ತದೆ. ನಾಲ್ಕೇ ಜೊತೆ ಇಟ್ಟರೆ ಒಂದೊಂದನ್ನೂ ಅಗಲವಾಗಿ ಮಾಡಬಹುದು. ಹಲ್ಲು ಅಗಲವಾದಷ್ಟೂ ಹೊಡೆತ ಹಂಚಿಹೋಗುತ್ತದೆ, ಮುರಿಯೋದು ಕಡಿಮೆ. ನಷ್ಟವೂ ಇದೆ. ಒಂದು ಗೇರ್‌ಗೂ ಇನ್ನೊಂದಕ್ಕೂ ಅಂತರ ಹೆಚ್ಚಾಗುವುದರಿಂದ ತಿರುವು ದಾಟಿದ ಮೇಲೆ ಕಾರು ಬೇಗ ವೇಗ ಹಿಡಿಯಲ್ಲ.

ಆ ನಷ್ಟ ಕಣ್ಣಿಗೆ ಬಿತ್ತು. ಓಟಕ್ಕೆ ಮುಂಚಿನ ವೇಗದ ಪರೀಕ್ಷೆಯಲ್ಲಿ ಅವರ ಕೆಂಪು-ಬಿಳಿ ಬಣ್ಣದ 23ನೇ ನಂಬರ್ ಕಾರು 15ನೇ ಸ್ಥಾನಕ್ಕೆ ಇಳಿಯಿತು. ತಪ್ಪು ತೀರ್ಮಾನ ಮಾಡಿಬಿಟ್ಟೆ ಅಂತ ಆಗ ಅನ್ನಿಸಿತ್ತು ಅಂತ ಆಟ್‌ವುಡ್ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಸಾಲದ್ದಕ್ಕೆ ಅವರಿಗೆ ಮಂಗನಬಾವು ಬೇರೆ ಬಂದಿತ್ತು.

ಜೂನ್ 13ರ ಶನಿವಾರ ಸಂಜೆ 4 ಗಂಟೆಗೆ 51 ಕಾರುಗಳು ಹೊರಟವು. ಮಳೆ ಹಿಡಿಯಿತು. ಫೆರಾರಿಗಳು ಒಂದಕ್ಕೊಂದು ಗುದ್ದಿಕೊಂಡವು. ಬೇರೆ ಪೋರ್ಷೆಗಳ ಎಂಜಿನ್ ಕೈಕೊಟ್ಟವು. ರಾತ್ರಿ ಮುಂದಿದ್ದದ್ದು ಜೋ ಸಿಫರ್ಟ್ ಅವರ 917. ನಿಧಾನದ ಕಾರುಗಳನ್ನು ದಾಟುವಾಗ ಅವರು ಒಂದು ಗೇರ್ ತಪ್ಪಿಸಿದರು. ಗೇರ್ ಬೀಳದೆ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ನಿಗೆ ಹೊರೆ ಇರುವುದಿಲ್ಲ, ಮಿತಿ ಮೀರಿ ತಿರುಗುತ್ತದೆ. ಎಂಜಿನ್ ಒಡೆಯಿತು. ಒಂದೇ ಒಂದು ಗೇರ್ ತಪ್ಪಿದ್ದಕ್ಕೆ ಗೆಲುವು ಕೈತಪ್ಪಿತು.

ನಾಲ್ಕು ಗೇರಿನ 23ನೇ ನಂಬರ್ ತನ್ನ ಪಾಡಿಗೆ ಓಡುತ್ತಿತ್ತು. ಬೆಳಗಿನ ಜಾವದ ಹೊತ್ತಿಗೆ ಅದೇ ಮುಂದೆ. ಮತ್ತೆ ಹಿಂದೆ ಬೀಳಲೇ ಇಲ್ಲ. 343 ಸುತ್ತು, 4,600 ಕಿಲೋಮೀಟರಿಗೂ ಹೆಚ್ಚು. ಭಾನುವಾರ ಸಂಜೆ ಫಲಿತಾಂಶದ ಪಟ್ಟಿಯಲ್ಲಿ ಉಳಿದದ್ದು 51ರಲ್ಲಿ 7 ಕಾರು. ಲೆ ಮಾನ್‌ನಲ್ಲಿ ಪೋರ್ಷೆ ಕಂಪನಿಗೆ ಅದೇ ಮೊದಲ ಒಟ್ಟಾರೆ ಗೆಲುವು. ಗೆದ್ದರೆ ರೇಸ್ ಬಿಡುತ್ತೇನೆ ಅಂತ ಹೆರ್ಮಾನ್ ಮನೆಯಲ್ಲಿ ಹೆಂಡತಿಗೆ ಮಾತು ಕೊಟ್ಟಿದ್ದರು. ಬಿಟ್ಟೇಬಿಟ್ಟರು.

ಕೊನೆಗೆ

ಆಟ್‌ವುಡ್ ಎಂಜಿನಿಯರ್ ಆಗಿ ಹೊಸದೇನೂ ಕಂಡುಹಿಡಿಯಲಿಲ್ಲ. 1963ರಲ್ಲಿ, 1964ರಲ್ಲಿ, 1969ರಲ್ಲಿ ಏನು ಮುರಿಯಿತು ಅನ್ನೋದನ್ನು ನೆನಪಿಟ್ಟುಕೊಂಡರು. ಕೇಳಿದಾಗ ಅದನ್ನೇ ಹೇಳಿದರು. ಫೋರ್ಡ್‌ನಂಥ ದೊಡ್ಡ ಕಂಪನಿಗೆ ಅದೇ ಪಾಠ ಕಲಿಯೋಕೆ ಮೂರು ಸೋಲು ಬೇಕಾಯಿತು. 1963ರಲ್ಲಿ ಲೋಲಾ ಕಾರು ಕೊಟ್ಟ ಸೂಚನೆಯನ್ನು ಅವರು ಕೇಳಿಸಿಕೊಂಡಿದ್ದರೆ 1964ರ ಕಥೆ ಬೇರೆ ಆಗುತ್ತಿತ್ತೇನೋ.

ಗೇರ್‌ಬಾಕ್ಸ್ ಒಮ್ಮೆಲೇ ಹೋಗೋದು ಕಡಿಮೆ. ಮೊದಲು ಸದ್ದು ಬರುತ್ತದೆ. ಆಮೇಲೆ ಒಂದು ಗೇರ್ ಗಟ್ಟಿಯಾಗುತ್ತದೆ, ಅಥವಾ ಬಿದ್ದ ಗೇರ್ ತಾನಾಗಿ ಹೊರಗೆ ಜಿಗಿಯುತ್ತದೆ. ಎಣ್ಣೆ ಬಸಿದರೆ ಅದರಲ್ಲಿ ಬೆಳ್ಳಿಯ ಹಾಗೆ ಹೊಳೆಯುವ ಕಬ್ಬಿಣದ ಪುಡಿ ಕಾಣುತ್ತದೆ. ಜೋರು ಮಾಡಿ ತಳ್ಳಿದರೆ ಆ ದಿನ ಕಳೆಯಬಹುದು, ಅಷ್ಟೇ.

ಈ ವರ್ಷ ಯುಗಾದಿ ಮುಗಿದ ವಾರವೇ ಪಕ್ಕದ ಮನೆಯ ಗೌಡರು ಮೇಸ್ತ್ರಿಯನ್ನು ಕರೆಸಿದ್ದರು. ಮಳೆಗೆ ಇನ್ನೂ ತಿಂಗಳುಗಟ್ಟಲೆ ಇತ್ತು. ಟ್ರ್ಯಾಕ್ಟರ್ ಕೆಳಗೆ ಬಾಂಡ್ಲಿ ಇಟ್ಟು ಗೇರ್ ಎಣ್ಣೆ ಬಸಿಯುತ್ತಿದ್ದರು. ನಾನು ಹೋಗಿ ಏನಾಯ್ತು ಅಂತ ಕೇಳಿದೆ.

"ಏನೂ ಆಗಿಲ್ಲ ಕಣಪ್ಪ" ಅಂದರು. "ಆಗೋಕೆ ಮುಂಚೆ ನೋಡಿಸ್ತಿದ್ದೀನಿ."